ತೂಳಿ ಅವ್ವನಿಗೆ ನಾನು ಕೊಟ್ಟ ನೇರಳೆ ಸೀರೆ

ಹೋದ ವಾರ ನಮ್ಮ ಕಾಲೇಜಿನಲ್ಲಿ ಮೊದಲ ವರ್ಷದ ಹುಡುಗಿಯರೆಲ್ಲ ಸೀರೆ ಉಟ್ಟು ಬರಬೇಕೆಂದು ತೀರ್ಮಾನವಾಯಿತು. ತೀರ್ಮಾನ ಮಾಡಿದ್ದು ನಾನೇ. ಸೀರೆ ಉಟ್ಟರೆ ನಮ್ಮ ತರಗತಿಯಲ್ಲಿ ಯಾರು ಎಲ್ಲರಿಗಿಂತ ಚೆನ್ನಾಗಿ ಕಾಣುತ್ತಾರೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಅಮ್ಮನ ಬೀರು ತೆರೆದು ಇದ್ದಬದ್ದ ಸೀರೆಗಳನ್ನೆಲ್ಲ ಮಂಚದ ಮೇಲೆ ಹರವಿ, ಒಂದೊಂದನ್ನೂ ಹೆಗಲಿಗೆ ಹಾಕಿ, ಕನ್ನಡಿಯ ಮುಂದೆ ಇಪ್ಪತ್ತು ಬಗೆಯಲ್ಲಿ ನಿಂತು ನೋಡಿದೆ. ಕೊನೆಗೆ ತಳದಲ್ಲಿದ್ದ ಹೊಳೆಯುವ ನೇರಳೆ ಸೀರೆಗೆ ಕೈ ಹಾಕಿ ಎಳೆದೆ. ಮಡಿಕೆಯಿಂದ ಬಜೆಯ ತುಂಡೊಂದು ನೆಲಕ್ಕೆ ಬಿತ್ತು. ಅದರ ಹಿಂದೆಯೇ ಆ ವಾಸನೆ… ಖಾರ, ಕಹಿ, ಸ್ವಲ್ಪ ಸಿಹಿ. ಎಳೆಮಕ್ಕಳ ಕೈಗೆ ದಾರದಲ್ಲಿ ಕಟ್ಟುತ್ತಾರಲ್ಲ, ಅದೇ ಬಜೆ.

ಸೀರೆಯ ಎರಡೂ ತುದಿಗಳಲ್ಲಿ ಗಂಟು ಬಿಗಿದ ಸುಕ್ಕು ಹಾಗೇ ಇತ್ತು. ಮೂರು ವರ್ಷವಾದರೂ ಹೋಗಿರಲಿಲ್ಲ. ನಾನು ಮಂಚದ ಮೇಲೆ ಕುಳಿತುಬಿಟ್ಟೆ. ಐದು ವರ್ಷದ ನನ್ನ ತಮ್ಮ ಬಂದು, “ಅಕ್ಕಾ, ಬಾಯಿ ಯಾಕೆ ಸುಮ್ಮನೈತೆ? ಜ್ವರವಾ?” ಅಂದ. ನಮ್ಮ ಮನೆಯಲ್ಲಿ ನನ್ನ ಬಾಯಿ ಸುಮ್ಮನಿದ್ದರೆ ಥರ್ಮಾಮೀಟರ್ ಹುಡುಕುತ್ತಾರೆ.

ಈ ತಮ್ಮ ಆಗ ಒಂದು ವರ್ಷ ಹತ್ತು ತಿಂಗಳಿನವನು. ನಾನು ಹತ್ತನೇ ತರಗತಿ, ಪಬ್ಲಿಕ್ ಪರೀಕ್ಷೆ. ಮಾರ್ಕಯನ್‌ಕೋಟ್ಟೈಯಿಂದ ಗೂಡಲೂರಿಗೆ ಬಂದು ನಾವು ಮನೆ ಮಾಡಿ ಐದು ತಿಂಗಳಾಗಿತ್ತು ಅಷ್ಟೇ. ಎರಡೂ ಕಂಬಂ ಕಣಿವೆಯ ಊರುಗಳೇ, ತಮಿಳು ಸೀಮೆ, ನಮ್ಮ ಮನೆಮಾತು ಮಾತ್ರ ಕನ್ನಡ. ಬೀದಿಯಲ್ಲಿ ನಮ್ಮನ್ನು ಚೆನ್ನಾಗಿ ಬಲ್ಲದ್ದೆಂದರೆ ಮೂಲೆಮನೆಯ ನಾಯಿ ಒಂದೇ. ಅಪ್ಪನ ಲಾರಿ ಕೇರಳದಲ್ಲಿ ಎಲ್ಲೋ ಕೆಟ್ಟು ನಿಂತಿತ್ತು, ಅಪ್ಪನೂ ಅದರ ಜೊತೆ ನಿಂತಿದ್ದ. ಆ ತಿಂಗಳು ನಮ್ಮ ಮನೆಯ ಒಲೆ ಉರಿಯುತ್ತಿದ್ದದ್ದು ಅಮ್ಮನ ಕತ್ತರಿಯಿಂದ. ಅಮ್ಮ ದ್ರಾಕ್ಷಿ ತೋಟಕ್ಕೆ ಕೊಯ್ಲಿಗೆ ಹೋಗುತ್ತಿದ್ದಳು. ಅದು ದಿನವೂ ಇರುವ ಕೆಲಸವಲ್ಲ. ವ್ಯಾಪಾರಿ ಲಾರಿ ಕಳಿಸುವ ದಿನ ಮಾತ್ರ ಫೋನ್ ಬರುತ್ತಿತ್ತು. ಬಂದರೆ ಹೋಗಲೇಬೇಕು. ಹಣ್ಣು ಕಾಯುವುದಿಲ್ಲ, ಕೊಯ್ಲಿನ ಹೆಂಗಸರ ಮೇಲಿದ್ದ ಮೇಸ್ತ್ರಿಯಮ್ಮ ಹಣ್ಣಿಗಿಂತಲೂ ಕಾಯುವುದಿಲ್ಲ.

ಅಂಥ ದಿನಗಳಲ್ಲಿ ತಮ್ಮನನ್ನು ನೋಡಿಕೊಳ್ಳುವವಳು ನಾನು. ಅಂದರೆ ಅಂಥ ದಿನಗಳಲ್ಲಿ ನಾನು ಶಾಲೆಗೆ ಹೋಗುತ್ತಿರಲಿಲ್ಲ. ಪರೀಕ್ಷೆ ಶುರುವಾದ ಮೇಲೆ ಅದು ಆಗುವ ಮಾತಲ್ಲವಲ್ಲ. ತಮ್ಮನಿಗೆ ಜ್ವರ ಬಂದಾಗ ಅಮ್ಮ ಒಂದು ಸಲ ಕೊಯ್ಲಿಗೆ ಬರುವುದಿಲ್ಲ ಅಂದಿದ್ದಳು. ನನ್ನ ತಮಿಳು ಪರೀಕ್ಷೆಯ ದಿನ ಎರಡನೇ ಸಲ ಅಂದಳು. ಮೇಸ್ತ್ರಿಯಮ್ಮ ಫೋನಿನಲ್ಲಿ ಹೇಳಿದ್ದು ನನಗೇ ಕೇಳಿಸಿತು. ಆ ಹೆಂಗಸಿನ ದನಿಗೆ ಫೋನ್ ಬೇಕಾಗಿಯೇ ಇರಲಿಲ್ಲ, ಘಾಟಿಯ ಬುಡದ ಲೋವರ್ ಕ್ಯಾಂಪಿನಿಂದ ಕೂಗಿದ್ದರೂ ಸಾಕಾಗುತ್ತಿತ್ತು. “ಮೂರನೇ ತಡವೆ ಬರಲ್ಲ ಅಂದ್ರೆ ಕತ್ತರಿ ತಂದು ಕೊಟ್ಟುಬಿಡು ತಾಯೀ. ನಿನ್ನ ಜಾಗಕ್ಕೆ ನಾಲ್ಕು ಜನ ನಿಂತವ್ರೆ.”

ಮುಂದಿನ ಕೊಯ್ಲು ಗುರುವಾರ ಎಂದು ಸೋಮವಾರ ಗೊತ್ತಾಯಿತು. ಗುರುವಾರ ನನಗೆ ಗಣಿತ.

ಅಮ್ಮ ಅನ್ನಕ್ಕೆ ನೀರು ಬಗ್ಗಿಸುತ್ತ, “ನಾನು ಹೋಗಾದಿಲ್ಲ ಬಿಡು. ನೀನು ಬರಿ,” ಅಂದಳು. ಹಾಗಂದವಳು ಗೋಡೆಯ ಮೊಳೆಯಲ್ಲಿ ನೇತುಹಾಕಿದ್ದ ಕತ್ತರಿಯನ್ನು ಒಂದು ಸಲ ನೋಡಿದಳು. ಆ ನೋಟಕ್ಕೆ ನಾನು ಎದ್ದು ನಿಂತೆ, ಎದೆ ಮುಂದೆ ಮಾಡಿದೆ. “ಮೂರು ದಿನ ಐತೆ. ಒಂದು ಹೊತ್ತು ಇವನ್ನ ನೋಡ್ಕೊಳ್ಳೋ ಜನ ಈ ಊರಲ್ಲಿ ಇಲ್ಲವಾ? ನಾನು ಹುಡುಕ್ತೀನಿ. ನೀನು ಕತ್ತರಿಗೆ ಎಣ್ಣೆ ಬಿಡು.” ಇದು ನನ್ನ ಜೀವನದ ಅತ್ಯಂತ ದುಬಾರಿ ಜಂಬ. ಆಗ ಗೊತ್ತಿರಲಿಲ್ಲ.

ಸೋಮವಾರ ಸಂಜೆಯೇ ಅಂಗನವಾಡಿಗೆ ಹೋದೆ. ಎರಡು ವರ್ಷ ತುಂಬಿರಬೇಕು, ಹೆಸರು ಮೊದಲೇ ಬರೆಸಿರಬೇಕು, ಒಂದು ದಿನಕ್ಕೆ ಬಿಟ್ಟುಹೋಗುವ ಹಾಗಿಲ್ಲ. ಮಂಗಳವಾರ ಬೆಳಿಗ್ಗೆ ಮತ್ತೆ ಹೋದೆ. ಈ ಸಲ ತಮ್ಮನಿಗೆ ದೊಡ್ಡ ಮಗುವಿನ ಅಂಗಿ ಹಾಕಿ, ತಲೆಗೆ ಎಣ್ಣೆ ಹಚ್ಚಿ ಬೈತಲೆ ತೆಗೆದು, ಹಣೆಗೆ ಮೂರು ಬೆರಳು ವಿಭೂತಿ ಬಳಿದಿದ್ದೆ. ಎರಡಲ್ಲ, ಅವನು ನಲವತ್ತು ವರ್ಷದ ಅಕ್ಕಿಮಂಡಿ ಯಜಮಾನನ ಹಾಗೆ ಕಾಣುತ್ತಿದ್ದ. ಟೀಚರಮ್ಮ ಬಗ್ಗಿ ಅವನ ಗಲ್ಲ ಹಿಡಿದು ತಮಿಳಿನಲ್ಲಿ ವಯಸ್ಸು ಕೇಳಿದರು. ಯಜಮಾನ ಅವರ ಬೆರಳು ಕಚ್ಚಿದ.

ಅಲ್ಲಿಂದ ಪ್ಲೇ ಸ್ಕೂಲ್. ಗೋಡೆಯ ತುಂಬ ಆನೆ, ಒಂಟೆ, ನಗುವ ಸೂರ್ಯ. ಒಳಗಿದ್ದ ಮೇಡಂ ಮಾತ್ರ ನಗಲಿಲ್ಲ. ವರ್ಷಕ್ಕೆ ಸೇರಿಸುವುದಾದರೆ ಸೇರಿಸು, ಒಂದು ದಿನ ಇಟ್ಟುಹೋಗಲು ಇದೇನು ಸೈಕಲ್ ಸ್ಟ್ಯಾಂಡಾ ಅಂದರು. ಮಾತು ಸರಿಯೇ ಇತ್ತು. ಅದಕ್ಕೇ ಇನ್ನೂ ಕೋಪ ಬಂತು. ಮೇಲ್ಮನೆಯ ಅಕ್ಕ ಹಿಂದೊಮ್ಮೆ ಅರ್ಧ ಗಂಟೆ ನೋಡಿಕೊಂಡಿದ್ದಳು. ಆ ಅರ್ಧ ಗಂಟೆಯಲ್ಲಿ ನನ್ನ ತಮ್ಮ ಅಕ್ಕಿಯ ಡ್ರಮ್ಮಿಗೆ ಇಳಿದು ಅಲ್ಲೇ ಒಂದಕ್ಕೆ ಹೋಗಿದ್ದ. ನಾನು ಮೆಟ್ಟಿಲು ಹತ್ತುವ ಸದ್ದು ಕೇಳಿಯೇ ಅವಳಿಗೆ ಕೆಮ್ಮು ಬಂತು. ಇನ್ನು ಊರಿನ ಅಜ್ಜಿಗೆ ಕಣ್ಣಿನ ಆಪರೇಷನ್ ಆಗಿ ಹತ್ತು ದಿನ. ಕಪ್ಪು ಕನ್ನಡಕ ಹಾಕಿಕೊಂಡು ಕೂತವಳ ಕೈಗೆ ಈ ಬಾಣವನ್ನು ಕೊಡುವುದು ಹೇಗೆ?

ಬುಧವಾರ ಸಂಜೆ ಐದಕ್ಕೆ ನಾನು ಜೀಪ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತಿದ್ದೆ. ಮಡಿಲಲ್ಲಿ ತಮ್ಮ, ಕಂಕುಳಲ್ಲಿ ಗಣಿತದ ಪುಸ್ತಕ. ತಮ್ಮ ಪುಸ್ತಕದ ಅಂಚು ತಿನ್ನುತ್ತಿದ್ದ. ಒಂದು ಪ್ರಮೇಯ ಅವನ ಹೊಟ್ಟೆಗೆ ಹೋಗಿತ್ತು, ನನ್ನ ತಲೆಗೆ ಹೋಗಿರಲಿಲ್ಲ. ನಗಿಸಲು ಹೇಳುತ್ತಿದ್ದೇನೆ, ಆದರೆ ಆಗ ನಾನು ಅಳುತ್ತಿದ್ದೆ. ಬರೆಯದಿದ್ದರೆ ನನ್ನ ವರ್ಷ ಹೋಯಿತು, ಬರೆದರೆ ಅಮ್ಮನ ಕತ್ತರಿ ಹೋಯಿತು. ಇಡೀ ಊರಿನಲ್ಲಿ ಒಂದೇ ಒಂದು ಹೊತ್ತು ಒಂದೇ ಒಂದು ಮಗುವನ್ನು ಎತ್ತಿಕೊಳ್ಳುವ ಸೊಂಟ ಇರಲಿಲ್ಲ.

ಅಷ್ಟರಲ್ಲಿ ಏಲಕ್ಕಿ ಎಸ್ಟೇಟಿನ ಜೀಪುಗಳು ಕುಮುಳಿ ಘಾಟಿ ಇಳಿದು ಬಂದವು. ಬೆಳಗಾಗುವ ಮೊದಲೇ ಬೆಟ್ಟ ಹತ್ತಿದ ಹೆಂಗಸರು ಒಬ್ಬರ ಮಡಿಲಿನಿಂದ ಒಬ್ಬರು ಬಿಡಿಸಿಕೊಂಡು ಇಳಿದರು. ಇಳಿದವರಲ್ಲಿ ಏಳೆಂಟು ಜನ ಮನೆ ಕಡೆ ಹೋಗಲಿಲ್ಲ, ಸ್ಟ್ಯಾಂಡಿನ ಹಿಂದಿನ ಸಂದಿಗೆ ನುಗ್ಗಿದರು. ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರೇ ಹೊರಗೆ ಬಂದರು… ಪ್ರತಿಯೊಬ್ಬರ ಸೊಂಟದ ಮೇಲೂ ಒಂದೊಂದು ಮಗು! ನಾನು ಮೂಗು ಒರೆಸಿಕೊಂಡು ಓಡಿದೆ.

ಉದ್ದನೆಯ ಒಂದೇ ಕೋಣೆ. ಮೇಲೆ ಈ ಗೋಡೆಯಿಂದ ಆ ಗೋಡೆಗೆ ಹಳೆಯ ತೇಗದ ತೊಲೆ. ತೊಲೆಗೆ ಸಾಲಾಗಿ ಸೀರೆಯ ಜೋಲಿಗಳು. ಅದಕ್ಕೆ ನಮ್ಮ ಕಡೆ ತೂಳಿ ಅನ್ನುತ್ತೇವೆ. ಹಸಿರು, ಕೆಂಪು, ಹೂವಿನದು, ತೇಪೆ ಹಾಕಿದ್ದು. ಎಲ್ಲ ಹಳೆಯವು, ಒಂದರ ಹಾಗೆ ಒಂದಿಲ್ಲ. ಕೋಣೆಯ ತುಂಬ ಬಜೆಯ ವಾಸನೆ. ನಡುವೆ ಒಬ್ಬ ಮುದುಕಿ ಕಾಲು ಚಾಚಿ ಕುಳಿತಿದ್ದಳು. ಎರಡು ಕಾಲಿನ ಹೆಬ್ಬೆರಳಿಗೂ ದಾರ ಕಟ್ಟಿ, ಮಗ್ಗುಲಿನ ಎರಡು ತೂಳಿಗಳನ್ನು ಕಾಲಿನಿಂದಲೇ ತೂಗುತ್ತ, ಕೈಯಲ್ಲಿ ಮೂರನೆಯ ಮಗುವಿಗೆ ಗಂಜಿ ಕುಡಿಸುತ್ತ, ಬಾಯಲ್ಲಿ ನಾಲ್ಕನೆಯದನ್ನು ಬೈಯುತ್ತಿದ್ದಳು. ಊರವರು ಅವಳನ್ನು ತೂಳಿ ಅವ್ವ ಅನ್ನುತ್ತಿದ್ದರು. ನಾನೂ ಹಾಗೆಯೇ ಅಂದೆ. ಬೇರೆ ಹೆಸರು ಇತ್ತೋ ಏನೋ, ಕೇಳಲಿಲ್ಲ…

ನಾನು ತಮಿಳಿನಲ್ಲಿ ನನ್ನ ಕಥೆ ಶುರು ಮಾಡಿದೆ. ಪರೀಕ್ಷೆ, ಕತ್ತರಿ, ಕೆಟ್ಟ ಲಾರಿ, ಅಜ್ಜಿಯ ಕಣ್ಣು. ಅಜ್ಜಿಯ ಒಂದು ಕಣ್ಣನ್ನು ಎರಡು ಮಾಡಿದೆ, ಅಪ್ಪನ ಲಾರಿಯನ್ನು ಪಲ್ಟಿ ಹೊಡೆಸಿದೆ. ಅವ್ವ ತಲೆ ಎತ್ತದೆ ಜಾಗ ಇಲ್ಲ ಅಂದಳು. ಹನ್ನೊಂದು ಮಕ್ಕಳು, ಹನ್ನೆರಡನೆಯದು ಬಂದರೆ ತೊಲೆ ಮುರಿಯುತ್ತದೆ. ಅದೇ ಹೊತ್ತಿಗೆ ತಮ್ಮ ನನ್ನ ಸೊಂಟದಿಂದ ಜಾರಿ ಗಂಜಿಯ ಬಟ್ಟಲಿಗೆ ಕೈ ಹಾಕಿದ. ಮೂರು ದಿನದ ಸಿಟ್ಟೆಲ್ಲ ಸೇರಿ ನಾನು ಮನೆಮಾತಿನಲ್ಲಿ ಕಿರುಚಿದೆ. “ಲೇ ಮುಟ್ಟಬೇಡ್ರಾ! ನಿನ್ನಿಂದ ನನ್ನ ಬಾಳೇ ಹೋಯ್ತು!”

ಅವ್ವನ ಎರಡು ಕಾಲೂ ನಿಂತವು. ತೂಳಿಗಳೂ ನಿಂತವು. ಕನ್ನಡದಲ್ಲಿ ಕೇಳಿದಳು: “ಯಾವೂರು ಕಣ್ಣು ನಿಂದು?” ನಮ್ಮ ಕಡೆ ಕಣ್ಣು ಅಂದರೆ ಚಿನ್ನ, ಪುಟ್ಟಾ ಅಂದ ಹಾಗೆ.

ಮಾರ್ಕಯನ್‌ಕೋಟ್ಟೈ ಅಂದೆ. ಆಮೇಲೆ ನಡೆದದ್ದನ್ನು ನಮ್ಮವರಿಗೆ ವಿವರಿಸಬೇಕಾಗಿಲ್ಲ. ಯಾವ ಬೀದಿ, ಯಾರ ಮೊಮ್ಮಗಳು, ಯಾವ ಕುಲದೇವರು ಅಂತ ಎರಡೇ ನಿಮಿಷದಲ್ಲಿ ವಿಚಾರಣೆ ಮುಗಿದು, ಅವಳ ಅತ್ತಿಗೆಯ ತಂಗಿಯನ್ನು ನಮ್ಮ ಅಜ್ಜಿಯ ಚಿಕ್ಕಪ್ಪನ ಮನೆಗೆ ಕೊಟ್ಟಿದ್ದಾರೆಂದು ಸಾಬೀತಾಯಿತು. ಇಬ್ಬರು ನಮ್ಮವರನ್ನು ಹತ್ತು ನಿಮಿಷ ಒಂದು ಕೋಣೆಯಲ್ಲಿ ಬಿಟ್ಟರೆ ಸಂಬಂಧಿಕರಾಗದೆ ಹೊರಗೆ ಬರುವುದಿಲ್ಲ. ಅವ್ವ ತಮ್ಮನ ಗಲ್ಲ ಹಿಡಿದಳು. ಅವನು ಕಚ್ಚಲು ಬಾಯಿ ತೆರೆದ. “ಕಚ್ಚು ಸಾಮೀ, ಕಚ್ಚು. ನನಗೂ ಹಲ್ಲಿದ್ದಾಗ ಕಚ್ಚಿದೋಳೇ,” ಅಂದಳು. ಅವನು ಬಾಯಿ ಮುಚ್ಚಿದ. ಇವತ್ತಿಗೂ ಅದು ನಾನು ಕಂಡ ದೊಡ್ಡ ಪವಾಡ.

ತೊಲೆಯಲ್ಲಿ ಹನ್ನೆರಡನೆಯದಕ್ಕೂ ಜಾಗ ಸಿಕ್ಕಿತು. ಅವಳದು ಒಂದೇ ಕಟ್ಟಳೆ. ಮಗುವಿನ ಜೊತೆ ಅದರ ತಾಯಿ ಉಟ್ಟ ಸೀರೆ ತರಬೇಕು. “ನಿಮ್ಮಮ್ಮ ಇವತ್ತು ಉಟ್ಟು ಬಿಟ್ಟದ್ದು ತಾ. ತೊಳೀಬೇಡ. ಬೆವರು ಇದ್ರೆ ಇರಲಿ, ಕರೆ ಇದ್ರೆ ಇರಲಿ. ಹಗಲೆಲ್ಲ ತಾಯಿ ಇಲ್ಲ ಅಂತ ಪುಳ್ಳೆ ಮೂಗಿಗೆ, ಕೂಸಿನ ಮೂಗಿಗೆ ಗೊತ್ತಾಗಬಾರದು.” ಒಂದು ಮಗುವಿನ ಸೀರೆಯಲ್ಲಿ ಇನ್ನೊಂದನ್ನು ಅವಳು ಎಂದೂ ಮಲಗಿಸುತ್ತಿರಲಿಲ್ಲ. ಸಂಜೆ ಸೀರೆ ತಾಯಿಯ ಜೊತೆ ಮನೆಗೆ ಹೋಗಿ, ಮೈಮೇಲಿದ್ದು, ಮತ್ತೆ ಬೆಳಿಗ್ಗೆ ತೊಲೆಗೆ ಬರುತ್ತಿತ್ತು. ಎಸ್ಟೇಟಿನ ಹೆಂಗಸರು ಅವಳನ್ನು ನಂಬಿದ್ದು ಅದಕ್ಕೇ.

ಗುರುವಾರ ಐದೂವರೆಗೇ ತೋಟದ ವ್ಯಾನ್ ಬಂದು ಅಮ್ಮನನ್ನು ಕರೆದುಕೊಂಡು ಹೋಯಿತು. ಹೋಗುವಾಗ ಹಿಂದಿನ ದಿನ ಉಟ್ಟ ಸೀರೆಯನ್ನು ವೈರು ಬುಟ್ಟಿಯಲ್ಲಿ ಇಟ್ಟು, ಮರೆಯದೆ ಕೊಡು ಅಂದಿದ್ದಳು. ನಾನು ಬುಟ್ಟಿಯಿಂದ ಅದನ್ನು ತೆಗೆದು ನೋಡಿದೆ. ಬಣ್ಣ ಹೋಗಿ ಯಾವ ಬಣ್ಣವೆಂದು ಹೇಳಲಾಗದ ಸೀರೆ. ಅಂಚಿನಲ್ಲಿ ದ್ರಾಕ್ಷಿಯ ಕರೆ, ಬಳ್ಳಿಗೆ ಹೊಡೆಯುವ ಮೈಲುತುತ್ತದ ನೀಲಿ ಕಲೆ, ಬೆನ್ನಿನ ಕಡೆ ಎರಡು ತೇಪೆ. ಜೀಪ್ ಸ್ಟ್ಯಾಂಡಿನಲ್ಲಿ ನನ್ನ ತರಗತಿಯ ಹುಡುಗಿಯೊಬ್ಬಳ ಅಪ್ಪ ಜೀಪ್ ಓಡಿಸುತ್ತಿದ್ದ. ಪರೀಕ್ಷೆಯ ದಿನ ಅಪ್ಪನ ಜೀಪಿನಲ್ಲಿ ಶಾಲೆಗೆ ಹೋಗಲು ಅವಳೂ ಅಲ್ಲೇ ಇರುತ್ತಾಳೆ. ಅವಳಿಗೆ ನಾನು ಹೇಳಿದ್ದು, ದ್ರಾಕ್ಷಿ ತೋಟ ನಮ್ಮದೇ ಅಂತ.

ಹಳೆಯ ಸೀರೆಯನ್ನು ಮಂಚದ ಕೆಳಗೆ ತುರುಕಿದೆ. ಬೀರುವಿನಿಂದ ಈ ನೇರಳೆ ಸೀರೆ ತೆಗೆದೆ. ಮಾವನ ಮದುವೆಯಲ್ಲಿ ಅಮ್ಮನಿಗೆ ಕೊಟ್ಟದ್ದು, ಒಮ್ಮೆಯೂ ಉಟ್ಟಿರಲಿಲ್ಲ. ಉಟ್ಟ ಹಾಗೆ ಕಾಣಲಿ ಎಂದು ಅದನ್ನು ಉಂಡೆ ಮಾಡಿ ಅದರ ಮೇಲೆ ಐದು ನಿಮಿಷ ಕುಳಿತೆ. ಅಮ್ಮನ ಪೌಡರ್ ಉದುರಿಸಿದೆ. ಸ್ವಲ್ಪ ಹುಣಸೆರಸ ಕೂಡ ಚಿಮುಕಿಸಿದೆ. ಕಲೆಗಾರಿಕೆ! ಆ ಬೆಳಿಗ್ಗೆ ಗಣಿತಕ್ಕಿಂತ ಹೆಚ್ಚು ಬುದ್ಧಿಯನ್ನು ನಾನು ಈ ಸೀರೆಗೆ ಖರ್ಚು ಮಾಡಿದೆ.

ಅವ್ವ ಸೀರೆಯನ್ನು ಮೂಗಿನ ಹತ್ತಿರ ಹಿಡಿದಳು. ಬಹಳ ಹೊತ್ತು ಹಿಡಿದಳು.

“ಅಮ್ಮ ಉಟ್ಟದ್ದೇನಾ?”

“ಆಮಾ ಅವ್ವಾ. ನೆನ್ನೆಯೆಲ್ಲ ಮೈ ಮೇಲೇ ಇತ್ತು.”

ಅವ್ವ ನನ್ನ ಮುಖ ನೋಡಿದಳು, ಆಮೇಲೆ ಕೈಯಲ್ಲಿದ್ದ ಹಾಲ್ ಟಿಕೆಟ್ ನೋಡಿದಳು. “ಸರಿ, ಹೋಗು. ಹೊತ್ತಾಗ್ತದೆ,” ಅಂದಳು. ನಾನು ತಿರುಗಿ ನೋಡದೆ ಹೋದೆ. ಬರುವಾಗಲೇ ಸ್ಟ್ಯಾಂಡಿನಲ್ಲಿ ಆ ಗೆಳತಿ ನನ್ನ ತೋಳಿನ ಮೇಲೆ ನೇರಳೆ ಸೀರೆಯ ಹೊಳಪು ಕಂಡಿದ್ದಳು. ಅದಕ್ಕೇ ಅಲ್ಲವೇ ಇಷ್ಟೆಲ್ಲ…

ಪರೀಕ್ಷೆಯಲ್ಲಿ ಮೊದಲ ಅರ್ಧ ಗಂಟೆ ನನಗೆ ಅಳು ಕೇಳಿಸುತ್ತಲೇ ಇತ್ತು. ಶಾಲೆಯಿಂದ ಜೀಪ್ ಸ್ಟ್ಯಾಂಡಿಗೆ ಒಂದು ಮೈಲಿ, ಕೇಳಿಸುವುದು ಸಾಧ್ಯವಿಲ್ಲ. ಆದರೆ ನನ್ನ ತಮ್ಮ ಅತ್ತರೆ ಘಾಟಿಯ ತಿರುವಿನಲ್ಲಿ ಲಾರಿಯವರು ತಮಗೆ ಹಾರ್ನ್ ಮಾಡಿದರೆಂದು ದಾರಿ ಬಿಡುತ್ತಿದ್ದರು. ಕಿವಿ ಮುಚ್ಚಿಕೊಂಡು ಬರೆದೆ. ಚೆನ್ನಾಗಿಯೇ ಬರೆದೆ.

ಒಂದೂಕಾಲಿಗೆ ಓಡಿ ಬಂದರೆ ಅವ್ವನ ಬಾಗಿಲು ಮುಂದಕ್ಕೆ ಎಳೆದಿತ್ತು. ತಳ್ಳಿ ನೋಡಿದರೆ ತೊಲೆಯಲ್ಲಿ ನೇರಳೆ ಸೀರೆ ಖಾಲಿ ನೇತಾಡುತ್ತಿತ್ತು. ಪಕ್ಕದ ಮನೆಯ ಹೆಂಗಸು ಎಲ್ಲ ಮಕ್ಕಳನ್ನೂ ತನ್ನ ಜಗುಲಿಯಲ್ಲಿ ಹಾಕಿಕೊಂಡು ಕೂತಿದ್ದಳು. ನನ್ನನ್ನು ಕಂಡದ್ದೇ ತಮಿಳಿನಲ್ಲಿ ಸುರಿದಳು. ಮಗು ತೂಳಿಗೆ ಹಾಕಿದರೆ ಒದ್ದು ಹೊರಗೆ ಬಂತಂತೆ. ಅತ್ತು ಅತ್ತು ದನಿ ನಿಂತಿತಂತೆ. ಹಾಲು ವಾಂತಿ, ನೀರೂ ವಾಂತಿ. ಮುಖ ಕಪ್ಪಾಗಿದ್ದನ್ನು ನೋಡಿ ಅವ್ವ ಹೆದರಿ, ಮಕ್ಕಳನ್ನು ಇಲ್ಲಿ ಬಿಟ್ಟು, ಅವನನ್ನು ಎತ್ತಿಕೊಂಡು ತಾಯಿಯನ್ನು ಹುಡುಕಿಕೊಂಡು ತೋಟದ ಕಡೆ ಹೋದಳಂತೆ. ಯಾವ ತೋಟ? ಆ ಹೆಂಗಸಿಗೆ ಗೊತ್ತಿಲ್ಲ. ಅವ್ವನಿಗೂ ಗೊತ್ತಿರಲಿಲ್ಲ. ಕೊಯ್ಲು ದಿನಕ್ಕೊಂದು ತೋಟದಲ್ಲಿ, ಅವತ್ತು ಯಾವುದೆಂದು ನಾನೂ ಅಮ್ಮನನ್ನು ಕೇಳಿರಲಿಲ್ಲ. ಫೋನ್ ನಂಬರ್ ಕೂಡ ಕೊಟ್ಟಿರಲಿಲ್ಲ. ಪೌಡರ್ ಉದುರಿಸಲು ನೆನಪಿದ್ದವಳಿಗೆ ಅದು ನೆನಪಿರಲಿಲ್ಲ. ಆ ಹೆಂಗಸಿನ ಫೋನಿನಿಂದ ನಾನೇ ಮಾಡಿದೆ, ಕೊಯ್ಲಿನಲ್ಲಿದ್ದ ಅಮ್ಮ ಎತ್ತಲಿಲ್ಲ.

ಓಡಿದೆ. ಚಪ್ಪಲಿ ಕಿತ್ತುಹೋಯಿತು, ಬಿಟ್ಟು ಓಡಿದೆ. ನಮ್ಮ ಕಣಿವೆಯಲ್ಲಿ ದ್ರಾಕ್ಷಿ ಚಪ್ಪರಗಳು ಒಂದರ ಅಂಚಿಗೆ ಒಂದು ಅಂಟಿಕೊಂಡಿರುತ್ತವೆ. ಕಲ್ಲುಕಂಬ, ತಂತಿ, ತಲೆಯ ಮೇಲೆ ಎಲೆ, ಒಳಗೆ ಹೊಕ್ಕರೆ ಎಲ್ಲ ಒಂದೇ ಥರ. ಪ್ರತಿ ಚಪ್ಪರದ ಕೆಳಗೆ ಬಗ್ಗಿ ಕೂಗಿದೆ. ಮುದುಕಿ ಬಂದಿದ್ದಳಾ, ಮಗು ಇತ್ತಾ? ಒಬ್ಬರು ಆಗಲೇ ಹೋದಳು ಅಂದರು. ಇನ್ನೊಬ್ಬರು, ಕಾಲುವೆ ಏರಿಯ ಮೇಲೆ ಕುಂಟುತ್ತ ಹೋಗುತ್ತಿದ್ದಳು, ಮಗು ಸದ್ದು ಮಾಡುತ್ತಿರಲಿಲ್ಲ ಅಂದರು. ಸದ್ದು ಮಾಡುತ್ತಿರಲಿಲ್ಲ! ನನ್ನ ತಮ್ಮ! ನಾನು ಎಲ್ಲ ಮಾತನ್ನೂ ಹಿಗ್ಗಿಸಿ ಹೇಳುವವಳು. ಅವತ್ತಿನ ಆ ಒಂದು ಮಾತನ್ನು ಮಾತ್ರ ಎಷ್ಟು ಕುಗ್ಗಿಸಲು ನೋಡಿದರೂ ಆಗಲಿಲ್ಲ. ದೇವರೇ, ಗಣಿತ ಫೇಲಾಗಲಿ, ತೋಟ ನಮ್ಮದಲ್ಲ ಅಂತ ಶಾಲೆಯ ಮೈಕಿನಲ್ಲಿ ನಾನೇ ಹೇಳುತ್ತೇನೆ, ಅವನು ಒಂದು ಸಲ ಅಳಲಿ ಎಂದು ಬೇಡುತ್ತ ಓಡಿದೆ.

ಏಳನೆಯದೋ ಎಂಟನೆಯದೋ ತೋಟದಲ್ಲಿ ಮೊದಲು ಮೇಸ್ತ್ರಿಯಮ್ಮನ ದನಿ ಸಿಕ್ಕಿತು. ಅದರ ಹಿಂದೆ ಅಮ್ಮ. ಅಮ್ಮ ಕತ್ತರಿ ಹಿಡಿದು ಗೊಂಚಲಿನ ಕೆಟ್ಟ ಹಣ್ಣು ಉದುರಿಸುತ್ತಿದ್ದಳು. ಅವಳ ಪಕ್ಕದ ಎರಡು ಕಲ್ಲುಕಂಬಗಳ ನಡುವೆ, ಬಿಸಿಲಿಗೆ ಅಮ್ಮ ತಲೆಗೆ ಸುತ್ತಿಕೊಳ್ಳುತ್ತಿದ್ದ ಹಳೆಯ ಸೀರೆಯ ತುಂಡು ತೂಳಿಯಾಗಿ ನೇತಾಡುತ್ತಿತ್ತು. ಅದರ ಅಂಚಿನಿಂದ ಒಂದು ಕಾಲು ಹೊರಗೆ ಬಿದ್ದಿತ್ತು. ಬೆರಳುಗಳು ಆಡಿದವು. ಮಲಗಿದ್ದ, ಅಷ್ಟೇ. ಬರೀ ನಿದ್ದೆ.

ಅವ್ವ ಕಂಬಕ್ಕೆ ಒರಗಿ ಕುಳಿತಿದ್ದಳು. ಕಾಲುವೆ ಏರಿಯಲ್ಲಿ ಕಾಲು ಉಳುಕಿ ಗಿಣ್ಣು ಊದಿತ್ತು. ಆ ಊದಿದ ಕಾಲಿನಿಂದಲೇ ತೂಳಿ ತೂಗುತ್ತಿದ್ದಳು. ನನ್ನನ್ನು ಕಂಡದ್ದೇ, ನಾನು ಬಾಯಿ ತೆರೆಯುವ ಮುನ್ನ, ಅವಳೇ ಅಮ್ಮನ ಕಡೆ ತಿರುಗಿ ಗಟ್ಟಿಯಾಗಿ ಹೇಳಿದಳು.

“ನಿನ್ನ ಮಗಳು ಸರಿಯಾಗೇ ಕೊಟ್ಟು ಹೋದಳಮ್ಮ. ನಾನೇ ಮುದಿಮೂಳಿ, ಆ ಸೀರೇಲಿ ಬೇರೆ ಪುಳ್ಳೆ ಮಲಗಿಸಿಬಿಟ್ಟೆ. ಅದು ಒಂದಕ್ಕೆ ಹೋಯ್ತು, ಮರತು ತೊಳೆದೂ ಬಿಟ್ಟೆ. ವಯಸ್ಸಾಗೋಯ್ತು, ಏನ್ ಮಾಡೋದು?”

ಅಮ್ಮ, “ಪರವಾಗಿಲ್ಲ ಅವ್ವಾ, ಬಿಡು,” ಅಂದಳು. ನಾನು ಬಾಯಿ ಮುಚ್ಚಿಕೊಂಡೆ. ಮೇಸ್ತ್ರಿಯಮ್ಮ ಅವ್ವನ ಕಾಲು ನೋಡಿ, ಜೀವನದಲ್ಲಿ ಮೊದಲ ಸಲ ಸಣ್ಣ ದನಿಯಲ್ಲಿ, ಹಣ್ಣಿನ ವ್ಯಾನಿನಲ್ಲಿ ಕಳಿಸೋಣ ಅಂದಳು. ವ್ಯಾನಿನಲ್ಲಿ ಕ್ರೇಟುಗಳ ನಡುವೆ ನಾನು, ಅವ್ವ, ತಮ್ಮ. ದಾರಿಯಲ್ಲಿ ನಾನು ಮೆಲ್ಲಗೆ, ಅಮ್ಮನಿಗೆ ನಿಜ ಹೇಳುತ್ತೇನೆ ಅಂದೆ. “ಪರೀಚ್ಚೆ ಮುಗೀಲಿ. ಈಗ ಹೇಳಿ ಏಟು ತಿಂದು ಹೋಗಿ ಏನ್ ಬರೀತೀಯಾ?” ಅಂದು, ಕ್ರೇಟಿನಿಂದ ಒಂದು ದ್ರಾಕ್ಷಿ ಕಿತ್ತು ನನ್ನ ಬಾಯಿಗಿಟ್ಟಳು.

ಉಳಿದ ಪರೀಕ್ಷೆಗಳಿಗೆ ತಮ್ಮ ಎರಡು ಸಲ ಅವಳ ಹತ್ತಿರ ಇದ್ದ. ಕರೆಯ ಸೀರೆ, ನೀಲಿ ಕಲೆಯ ಸೀರೆ. ಕಲ್ಲಿನ ಹಾಗೆ ಮಲಗಿದ. ಪರೀಕ್ಷೆ ಮುಗಿಯಿತು. ನಾನು ಅಮ್ಮನಿಗೆ ಹೇಳಲಿಲ್ಲ. ನಾಳೆ ಹೇಳೋಣ, ಅಪ್ಪ ಬಂದಮೇಲೆ ಹೇಳೋಣ, ರಿಸಲ್ಟ್ ಬಂದಮೇಲೆ… ಬಾಯಿ ಬಡಬಡಿಸುವುದರಲ್ಲಿ ಕಂಬಂ ಕಣಿವೆಗೇ ಮೊದಲಿಗಳಾದವಳಿಗೆ ಆ ಒಂದು ಮಾತು ಬರಲಿಲ್ಲ.

ಅಷ್ಟರಲ್ಲಿ ಅಮ್ಮ ಹೇಳಿದಳು. ಜೀಪ್ ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸಿಗೆ, ಕೆಟ್ಟ ಮನಸ್ಸಿನಿಂದಲ್ಲ, ನಗುತ್ತ, ಪಾಪ ಅವ್ವನಿಗೆ ವಯಸ್ಸಾಯಿತು, ಸೀರೆ ಅದಲುಬದಲು ಮಾಡಿಬಿಟ್ಟಳು ಅಂತ. ಕಥೆ ಹಿಗ್ಗಿಸುವುದರಲ್ಲಿ ನಾನು ದೊಡ್ಡವಳು ಅಂದುಕೊಂಡಿದ್ದೆ. ಘಾಟಿ ಹತ್ತುವ ಜೀಪಿನ ಮುಂದೆ ನಾನು ಯಾವ ಲೆಕ್ಕ? ಮೊದಲ ಜೀಪಿನಲ್ಲಿ ಸೀರೆ ಬದಲಾಯಿತು, ಎರಡನೆಯದರಲ್ಲಿ ಮಗುವಿಗೆ ಫಿಟ್ಸ್ ಬಂತು, ಮೂರನೆಯದು ಬೆಟ್ಟ ಮುಟ್ಟುವಷ್ಟರಲ್ಲಿ ಅವ್ವ ಮಗುವನ್ನೇ ಬದಲಿಸಿ ಕಳಿಸಿದ್ದಳು. ಸೀರೆ ತಪ್ಪದ ಕೈ ಎಂದು ನಂಬಿದ್ದವರು ತಾನೇ… ಒಂದು ದಿನ ಹಸಿರು ಸೀರೆ ಬರಲಿಲ್ಲ. ಆಮೇಲೆ ಹೂವಿನದು.

ರಿಸಲ್ಟ್ ಬಂದಾಗ ಮಿಠಾಯಿ ತೆಗೆದುಕೊಂಡು ಹೋದೆ. ಗಣಿತದಲ್ಲಿ ನೂರಕ್ಕೆ ತೊಂಬತ್ತೊಂದು. ತೊಲೆಯಲ್ಲಿ ಎರಡೇ ತೂಳಿ. ಅವ್ವನ ಎರಡು ಹೆಬ್ಬೆರಳಿಗೆ ಆ ಎರಡೇ ಸಾಕಾಗಿದ್ದವು, ಕೈ ಸುಮ್ಮನೆ ಮಡಿಲಲ್ಲಿತ್ತು. ಅಷ್ಟು ಸದ್ದಿಲ್ಲದ ಕೋಣೆಯಲ್ಲಿ ನನಗೆ ನಿಲ್ಲಲಾಗಲಿಲ್ಲ. ಬತ್ತಲಗುಂಡಿನಲ್ಲಿ ಮಗಳ ಮನೆ ಇದೆ, ಅಲ್ಲಿಗೆ ಹೋಗುತ್ತೇನೆ ಅಂದಳು. ಮೂಲೆಯ ಪೆಟ್ಟಿಗೆಯಿಂದ ನೇರಳೆ ಸೀರೆ ತೆಗೆದು ಮಡಿಸಿ, ಹುಳ ಬೀಳಬಾರದೆಂದು ನಡುವೆ ಬಜೆಯ ತುಂಡು ಇಟ್ಟಳು.

“ಇದು ಯಾರೂ ಉಡದ ಸೀರೆ ಅಂತ ನನ್ನ ಮೂಗಿಗೆ ಅವತ್ತೇ ಗೊತ್ತಾಯ್ತು ಕಣ್ಣು.”

“ಮತ್ತೆ ಯಾಕೆ ಇಸ್ಕೊಂಡೆ ಅವ್ವಾ? ಬೈದು ಕಳಿಸಬಾರದಿತ್ತಾ?”

“ಕಳಿಸಿದ್ರೆ ನೀನು ಪರೀಚ್ಚೆಗೆ ಹೋಗ್ತಿರಲಿಲ್ಲ. ಆ ಚೀಟೀನ ನೀನು ಹೆಂಗೆ ಹಿಡ್ಕೊಂಡಿದ್ದೆ ಅಂತ ನಾನು ನೋಡಿದೆ.” ಸೀರೆಯನ್ನು ನನ್ನ ತೋಳಿನ ಮೇಲೆ ಇಟ್ಟಳು. “ನಿಮ್ಮಮ್ಮನ್ನ ಉಟ್ಟುಕೊಳ್ಳೋಕೆ ಹೇಳು. ಒಳ್ಳೇ ಬಣ್ಣ.”

ನಾನು ಅವಳಿಗೆ ನಮಸ್ಕಾರವನ್ನೂ ಮಾಡಲಿಲ್ಲ. ತೊಂಬತ್ತೊಂದರ ಬಗ್ಗೆ ಮಾತಾಡಿ ಬಂದುಬಿಟ್ಟೆ. ಸೀರೆಯನ್ನು ಬೀರುವಿನ ತಳಕ್ಕೆ ಹಾಕಿದೆ. ಹೋದ ವರ್ಷ ಗೆಳತಿಯ ಅಪ್ಪ, ಆ ಜೀಪಿನವರು, ಮಾತಿನ ನಡುವೆ ಹೇಳಿದರು: ತೂಳಿ ಅವ್ವ ಬತ್ತಲಗುಂಡಿನಲ್ಲಿ ತೀರಿಹೋದರಂತೆ. ಯಾವಾಗ ಅಂತ ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ…

ಹೋದ ವಾರ ಮಂಚದ ಮೇಲೆ ಕುಳಿತು ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಮೊದಲ ಬಾರಿಗೆ ಏನನ್ನೂ ಹಿಗ್ಗಿಸದೆ ಹೇಳಿದೆ, ಹಾಗಾಗಿ ಬೇಗ ಮುಗಿಯಿತು. ಏಟು ಬೀಳುತ್ತದೆ ಅಂದುಕೊಂಡಿದ್ದೆ. ಅಮ್ಮ ಸೀರೆಯ ತುದಿಯ ಸುಕ್ಕನ್ನು ಬೆರಳಿನಿಂದ ಉಜ್ಜುತ್ತ ಕುಳಿತಳು.

“ಜೀಪ್ ಸ್ಟ್ಯಾಂಡಲ್ಲಿ ಹೇಳಿದ್ದು ನಾನಲ್ಲವಾ,” ಅಂದಳು. ಸೀರೆ ಮಡಿಸುತ್ತ ಮತ್ತೆ, “ನಾನು ನಕ್ಕೊಂಡು ಹೇಳಿದೆ…”

ಕಾಲೇಜಿಗೆ ನಾನು ಬೇರೆ ಸೀರೆ ಉಟ್ಟು ಹೋದೆ. ಅಮ್ಮ ಮಾರನೆಯ ದಿನ ಆ ನೇರಳೆ ಸೀರೆಯನ್ನು ಉಟ್ಟು ಕೊಯ್ಲಿಗೆ ಹೋದಳು. ಇಷ್ಟು ಒಳ್ಳೆಯ ಸೀರೆ ತೋಟಕ್ಕೆ ಯಾಕೆ ಎಂದು ಮೇಸ್ತ್ರಿಯಮ್ಮ ಊರಿಗೆಲ್ಲ ಕೇಳುವಂತೆ ಕೂಗಿದಳಂತೆ. ಸಂಜೆ ಅಮ್ಮ ಬಂದು ಅದನ್ನು ಬಿಚ್ಚಿ ವೈರು ಬುಟ್ಟಿಯಲ್ಲಿ ಹಾಕಿದಳು, ತೊಳೆಯಲಿಲ್ಲ. ನಾನು ತೆಗೆದು ಮೂಗಿನ ಹತ್ತಿರ ಹಿಡಿದೆ. ದ್ರಾಕ್ಷಿ, ಬೆವರು, ಮೈಲುತುತ್ತ, ಅದರ ಅಡಿಯಲ್ಲಿ ಇನ್ನೂ ಸ್ವಲ್ಪ ಬಜೆ. ಈಗ ಇದು ಅಮ್ಮ ಉಟ್ಟ ಸೀರೆಯೇ. ಜೀಪ್ ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿ ಆ ಕೋಣೆ ಹಾಗೇ ಇದೆ, ತೊಲೆಯೂ ಇದೆ. ಈಗ ಒಳಗೆ ಮೂಟೆಗಳನ್ನು ಇಡುತ್ತಾರೆ.